ಗೊಬ್ಬರದ ಗಿಡದ ಕೋಲಿನಲ್ಲಿ ಐರಿಷ್ ವಲಸಿಗರ ದಿಮ್ಮಿಮನೆ

ಸಮಾಜ ವಿಜ್ಞಾನ ಮೇಳ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯ ಅಂಗಡಿಗಳಲ್ಲಿ ಥರ್ಮೊಕೋಲ್ ಮುಗಿದುಹೋಗುತ್ತದೆ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೂ ಉಪಜಿಲ್ಲಾ ಮೇಳಗಳಿಗೆ ತೀರ್ಪುಗಾರನಾಗಿ ಹೋಗಿ ಬರುತ್ತಿದ್ದೆ. ಅಲ್ಲಿ ನೋಡಿದ ಥರ್ಮೊಕೋಲ್ ಕೋಟೆಗಳನ್ನೆಲ್ಲ ಸಾಲಾಗಿ ಇಟ್ಟರೆ ಬೇಕಲದ ಕೋಟೆಗೆ ಒಂದು ಸುತ್ತು ಬಂದೀತು. ಒಮ್ಮೆ ಒಂದು ಮೇಜಿನ ಮೇಲೆ ‘ಅಮೆರಿಕಕ್ಕೆ ಹೋದ ಐರಿಷರ ಮನೆ’ ಎಂಬ ಚೀಟಿ ಕಂಡಿತು. ಹಾಳೆಗೆ ಕಂದು ಬಣ್ಣ ಬಳಿದು, ಸ್ಕೆಚ್ ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದರು. ‘ಈ ಗೋಡೆ ಯಾವುದರಿಂದ ಮಾಡಿದ್ದು ಮಗೂ?’ ಎಂದು ಕೇಳಿದೆ. ‘ಥರ್ಮೊಕೋಲಿನಿಂದ ಸರ್’ ಎಂದಳು. ಸತ್ಯವನ್ನೇ ಹೇಳಿದ ಹುಡುಗಿಗೆ ಅಂಕ ಕಡಿಮೆ ಕೊಡಲು ಕೈ ಬರಲಿಲ್ಲ.

ಆದರೆ ಆ ಮನೆಯ ಕಥೆಯೆಲ್ಲ ಇರುವುದು ಗೋಡೆಯಲ್ಲೇ. ಮರವೊಂದು ಮರವನ್ನು ಹೇಗೆ ಕಚ್ಚಿ ಹಿಡಿಯುತ್ತದೆ ಎಂಬುದನ್ನು ಬಿಟ್ಟರೆ ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ಮಗಳ ಮನೆಗೆಂದು ವರ್ಜೀನಿಯಾಕ್ಕೆ ಹೋಗಿದ್ದಾಗ ಸ್ಟಾಂಟನ್ ಎಂಬ ಊರಿನ ಬಯಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದಳು. ಐರ್ಲೆಂಡಿನ ಟಿರೋನ್ ಜಿಲ್ಲೆಯ ಒಂದು ಹುಲ್ಲುಮಾಡಿನ ಕಲ್ಲುಮನೆಯನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಅದೇ ಆವರಣದಲ್ಲಿ ನಡೆದು ಹೋದರೆ 1740ರ ಕಾಲದ, ಮರದ ದಿಮ್ಮಿಗಳನ್ನು ಪೇರಿಸಿ ಕಟ್ಟಿದ ಅಮೆರಿಕದ ದಿಮ್ಮಿಮನೆಯೂ ಇದೆ. ಎರಡನ್ನೂ ಒಂದೇ ದಿನ ನೋಡಿದ್ದರಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು: ಕಲ್ಲಿನಲ್ಲಿ ಕಟ್ಟಿ ಅಭ್ಯಾಸವಾದವರು ಮರದಲ್ಲಿ ಕಟ್ಟುವಾಗ ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು? ಊರಿಗೆ ಬಂದ ಮೇಲೆ ಆ ಹುಳವನ್ನು ತೆಗೆಯಲು ಮೂರು ಮಾದರಿ ಕಟ್ಟಿದೆ. ಮೊದಲನೆಯದು ಕೊಳೆಯಿತು, ಎರಡನೆಯದು ಬಿತ್ತು. ಮೂರನೆಯದನ್ನು ಕಟ್ಟಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಮಾಡಿಸುವ ಮೇಷ್ಟ್ರುಗಳಿಗೂ, ಮಕ್ಕಳ ಹೆಸರಿನಲ್ಲಿ ತಾವೇ ಮಾಡುವ ಅಪ್ಪಂದಿರಿಗೂ ಇದು ಉಪಯೋಗಕ್ಕೆ ಬಂದೀತು.

ಅಳತೆ ಊರಿನದು, ಮರ ಕಾಡಿನದು

ಕತ್ತಿ ಹಿಡಿಯುವ ಮೊದಲು ಅಳತೆ ನಿಶ್ಚಯವಾಗಬೇಕು. ಇಲ್ಲಿ ತಪ್ಪಿದರೆ ನೀವು ಕಟ್ಟುವುದು ಮರದ ಮನೆಯಾದೀತೇ ಹೊರತು ಐರಿಷರ ಮನೆಯಾಗುವುದಿಲ್ಲ.

1718ರ ಆಸುಪಾಸಿನಿಂದ 1775ರವರೆಗೆ ಅಲೆಅಲೆಯಾಗಿ ಅಮೆರಿಕಕ್ಕೆ ಹೋದ ಐರಿಷರಲ್ಲಿ ಬಹುಪಾಲು ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತ್ಯದವರು. ಹೆಚ್ಚಿನವರು ಸ್ಕಾಟ್ಲೆಂಡ್ ಮೂಲದ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಗೇಣಿದಾರ ಒಕ್ಕಲುಗಳು. ಧನಿಗಳು ಗೇಣಿ ಏರಿಸಿದರು, ಬೆಳೆ ಕೈಕೊಟ್ಟಿತು, ನಾರುಬಟ್ಟೆಯ ವ್ಯಾಪಾರ ಆಗಾಗ ಕುಸಿಯಿತು. ಇವರು ಹಡಗು ಹತ್ತಿದರು. ಫಿಲಡೆಲ್ಫಿಯಾದ ಸುತ್ತ ಒಳ್ಳೆಯ ಜಮೀನು ಆಗಲೇ ಬೇರೆಯವರ ಕೈಯಲ್ಲಿತ್ತು. ಹಾಗಾಗಿ ಪಶ್ಚಿಮದ ಬೆಟ್ಟಗಳ ಕಡೆಗೆ, ಅಲ್ಲಿಂದ ತೆಂಕಣಕ್ಕೆ ತಿರುಗಿ ವರ್ಜೀನಿಯಾದ ಶೆನಾಂಡೋವಾ ಕಣಿವೆಗೆ, ಆಮೇಲೆ ಕೆರೊಲಿನಾಗಳ ಒಳನಾಡಿಗೆ ಇಳಿದರು.

ಅವರ ಊರಿನಲ್ಲಿ ಮನೆ ಕಟ್ಟಲು ಮರವೇ ಇರಲಿಲ್ಲ. ಐರ್ಲೆಂಡಿನ ಕಾಡು ಅಷ್ಟರಲ್ಲಿ ಬಹುಪಾಲು ಕಡಿದು ಮುಗಿದಿತ್ತು. ಕಲ್ಲು, ಇಲ್ಲವೇ ಹುಲ್ಲು ಕಲಸಿದ ಮಣ್ಣಿನ ಗೋಡೆ. ಮೇಲೆ ಮರದ ಕೊಂಬೆ, ಅದರ ಮೇಲೆ ಹುಲ್ಲುಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಪ್ಪು, ಅದರ ಮೇಲೆ ಹುಲ್ಲು. ಮುಳಿಹುಲ್ಲಿನ ಮಾಡು ನೋಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಾದರೆ ದಿಮ್ಮಿ ಪೇರಿಸುವ ವಿದ್ಯೆ ಎಲ್ಲಿಂದ ಬಂತು? 1638ರಲ್ಲಿ ಡೆಲವೇರ್ ನದಿಯ ದಡಕ್ಕೆ ಬಂದಿಳಿದ ಸ್ವೀಡಿಷರು ಮತ್ತು ಅವರೊಡನೆ ಬಂದ ಫಿನ್ನರು ಅದನ್ನು ತಂದಿದ್ದರು. ಪೆನ್ಸಿಲ್ವೇನಿಯಾದ ಜರ್ಮನರಿಗೂ ಅದು ಗೊತ್ತಿತ್ತು. ಐರಿಷರು ಅವರನ್ನು ನೋಡಿ ಕಲಿತರು.

ಮರವನ್ನು ಕಲಿತರು, ಕೋಣೆಯನ್ನು ಮಾತ್ರ ಬಿಡಲಿಲ್ಲ. ಇಂಗ್ಲಿಷರ ಒಂದಂಕಣದ ಮನೆ ಚೌಕಕ್ಕೆ ಹತ್ತಿರ, 16 ಅಡಿಗೆ 16 ಅಡಿಯಷ್ಟು. ಅಲ್ಸ್ಟರಿನವರದು ಆಯತ: ಒಳಗಿನ ಅಗಲ ಸುಮಾರು 16 ಅಡಿ, ಉದ್ದ 22 ಅಡಿ. ಉದ್ದದ ಗೋಡೆಗಳಲ್ಲಿ ಎದುರುಬದುರು ಎರಡು ಬಾಗಿಲು. ಒಲೆ ಒಂದು ತುದಿಯ ಅಡ್ಡಗೋಡೆಯಲ್ಲಿ. ಊರಿನಲ್ಲಿ ಕಲ್ಲಿನಲ್ಲಿದ್ದದ್ದು ಇಲ್ಲಿ ಮರದಲ್ಲಿ ಬಂತು, ಅಷ್ಟೇ. ಎದುರುಬದುರು ಬಾಗಿಲಿನ ಉಪಯೋಗ ಸರಳ: ಗಾಳಿ ಬೀಸುವ ಕಡೆಯದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡುವುದು. ನಿಮ್ಮ ಮಾದರಿಯಲ್ಲಿ ಬೇರೇನು ಬಿಟ್ಟರೂ ಸರಿ, ಈ ಎರಡನೇ ಬಾಗಿಲನ್ನು ಬಿಡಬೇಡಿ.

ಅಡಿಗೆ ಒಂದು ಇಂಚಿನಂತೆ ಇಳಿಸಿ. ಒಳಗೆ 22 ಇಂಚು, 16 ಇಂಚು. ಗೋಡೆಯ ದಪ್ಪ ಸೇರಿಸಿದರೆ ಹೊರಗೆ 24 ಮತ್ತು 18. ಇದಕ್ಕಿಂತ ಚಿಕ್ಕದು ಮಾಡಿದರೆ ಕೋಲಿನ ಮೇಲೆ ಕೋಲು ಕೂರುವ ಕಚ್ಚು ಕೆತ್ತಲು ಬೆರಳು ಹಿಡಿಯುವುದಿಲ್ಲ, ದೊಡ್ಡದು ಮಾಡಿದರೆ ಆಟೋದೊಳಗೆ ಹಿಡಿಯುವುದಿಲ್ಲ.

ಕೋಲು

ಬೇಕಾದದ್ದು ಒಂದಿಂಚು ದಪ್ಪದ ನೆಟ್ಟನೆಯ ಹಸಿ ಕೋಲು. ತೋಟದ ಬೇಲಿಯಲ್ಲಿ ಗೊಬ್ಬರದ ಗಿಡ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಗ್ಲಿರಿಸೀಡಿಯಾ ಅದರ ಶಾಸ್ತ್ರದ ಹೆಸರು, ಮಲಯಾಳದವರಿಗೆ ಶೀಮಕೊನ್ನ. ಹೇಗೂ ವರ್ಷಕ್ಕೊಮ್ಮೆ ಸವರಿ ಸೊಪ್ಪನ್ನು ತೋಟಕ್ಕೆ ಹಾಕುತ್ತೇವೆ, ಕೋಲು ಬಚ್ಚಲ ಒಲೆಗೆ ಹೋಗುತ್ತದೆ. ಅದರಲ್ಲಿ ಆರಿಸಿಕೊಳ್ಳಿ. ಉದ್ದದ ಗೋಡೆಗಳಿಗೆ 26 ಇಂಚಿನ 14, ಅಡ್ಡಗೋಡೆಗಳಿಗೆ 20 ಇಂಚಿನ 14, ಮಾಡಿನ ಉದ್ದಕ್ಕೆ 28 ಇಂಚಿನ 7. ತ್ರಿಕೋನದ ಎರಡು ತಲೆಗೋಡೆಗಳಿಗೆ 16 ಇಂಚಿನಿಂದ ಶುರುಮಾಡಿ ಎರಡೆರಡು ಇಂಚು ಕಡಿಮೆ ಮಾಡುತ್ತ 2 ಇಂಚಿನವರೆಗೆ, ಒಂದೊಂದು ಕಡೆಗೆ 8. ಒಟ್ಟು 51. ನೀವು 60 ತನ್ನಿ, ಒಂಬತ್ತು ಹಾಳಾಗಿಯೇ ಆಗುತ್ತವೆ.

ಸಿಪ್ಪೆ ಅದೇ ದಿನ ಸುಲಿಯಿರಿ. ಹಸಿಯಲ್ಲಿ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತದೆ, ನಾಳೆಗೆ ಬಿಟ್ಟರೆ ಉಗುರು ಕೀಳುತ್ತದೆ. ಉಳಿದ ಸಿಪ್ಪೆಯ ಅಡಿಯಲ್ಲಿ ಹುಳ ಕೂರುತ್ತದೆ. ಈ ಗಿಡ ಇಲಿಗೆ ವಿಷ, ಆದ್ದರಿಂದ ಮಕ್ಕಳು ಊಟಕ್ಕೆ ಕೂರುವ ಮೊದಲು ಕೈ ತೊಳೆಯಲಿ.

ಒಣಗಿಸಿ ಕೆಲಸ ಮಾಡುವುದಲ್ಲವೇ ಎಂದು ನೀವು ಕೇಳಬಹುದು. ವಲಸಿಗರು ಕಾಯಲಿಲ್ಲ. ವಸಂತದಲ್ಲಿ ಬಂದವನಿಗೆ ಚಳಿಗಾಲದೊಳಗೆ ಸೂರೂ ಬೇಕು, ಮೆಕ್ಕೆಜೋಳ ಬಿತ್ತಲು ಬಯಲೂ ಬೇಕು. ಹೊಲಕ್ಕಾಗಿ ಕಡಿದ ಮರವೇ ಗೋಡೆಯಾಯಿತು. ಓಕ್, ಚೆಸ್ಟ್‌ನಟ್, ಪೈನ್, ಟ್ಯುಲಿಪ್ ಮರ, ಹತ್ತಿರ ನೆಟ್ಟಗೆ ಬೆಳೆದದ್ದು ಯಾವುದೋ ಅದು. ಹಸಿ ಮರ ಕೊಡಲಿಗೆ ಮೆತ್ತಗೆ. ನಮ್ಮ ಕತ್ತಿಗೂ ಹಾಗೆಯೇ.

ಒಂದು ಕೋಲನ್ನು ತೂಗಿ ನೋಡಿಸಿ. 26 ಇಂಚಿನದು ಹಸಿಯಲ್ಲಿ ಮುನ್ನೂರು ಗ್ರಾಮಿನ ಆಚೀಚೆ ಬರುತ್ತದೆ. ಅಳತೆ ಹನ್ನೆರಡನೇ ಒಂದು ಪಾಲಾದಾಗ ತೂಕ 1728ನೇ ಒಂದು ಪಾಲು. ಹಿಂದಕ್ಕೆ ಗುಣಿಸಿದರೆ ನಿಜವಾದ ದಿಮ್ಮಿ ಅರ್ಧ ಟನ್ ದಾಟುತ್ತದೆ. ಅಡಿ ದಪ್ಪದ ಹಸಿ ಓಕಿನ ತೂಕ ಅಷ್ಟೇ ಇರುತ್ತದೆ. ಅಂಥದ್ದನ್ನು ಎಂಟಡಿ ಎತ್ತರಕ್ಕೆ ಏರಿಸುವುದು ಗಂಡ ಹೆಂಡತಿಯ ಕೆಲಸವಲ್ಲ. ನೆರೆಹೊರೆಯವರೆಲ್ಲ ಬರುತ್ತಿದ್ದರು, ಓರೆಯಾಗಿ ಇಟ್ಟ ಎರಡು ಕೊರಡುಗಳ ಮೇಲೆ ದಿಮ್ಮಿಯನ್ನು ಉರುಳಿಸಿ ಏರಿಸುತ್ತಿದ್ದರು. ನಾಲ್ಕು ಮೂಲೆಗೆ ನಾಲ್ಕು ಜನ ಕೊಡಲಿಗಾರರು. ಕಚ್ಚು ಕೆತ್ತಿ ಕೂರಿಸುವುದು ಅವರ ಪಾಲಿನದು, ಉಳಿದವರದು ದಿಮ್ಮಿ ಒದಗಿಸುವುದು. ನಾನೂ ಮಾದರಿಗೆ ನಾಲ್ಕು ಮಕ್ಕಳನ್ನು ನಾಲ್ಕು ಮೂಲೆಗೆ ಕೂರಿಸಿದೆ. ಒಂದು ಮೂಲೆಯಲ್ಲಿ ತುಳು, ಒಂದರಲ್ಲಿ ಹವ್ಯಕ ಕನ್ನಡ, ಒಂದರಲ್ಲಿ ಮಲಯಾಳ, ಇನ್ನೊಂದರಲ್ಲಿ ಮರಾಟಿ. ಬೈದುಕೊಳ್ಳಲು ಮಾತ್ರ ನಾಲ್ವರೂ ತುಳುವನ್ನೇ ಆರಿಸಿಕೊಂಡರು.

ಕಚ್ಚು

ಇಲ್ಲಿ ನಿಧಾನ ಮಾಡಿ. ಮನೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ.

ಕಚ್ಚಿನಲ್ಲಿ ಹಲವು ಬಗೆ ಇವೆ. ಸುಲಭವಾದದ್ದು ಕೆಳಗಿನ ದಿಮ್ಮಿಯ ಮೇಲೆ ಕುದುರೆಯ ಜೀನಿನಂತೆ ಕೂರುವ ಅರೆವೃತ್ತದ ಕಚ್ಚು. ಪೆನ್ಸಿಲ್ವೇನಿಯಾದಿಂದ ಶೆನಾಂಡೋವಾವರೆಗಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಎರಡು: ಒಂದು ಮಾಡಿನ ಆಕಾರದ್ದು, ಇನ್ನೊಂದು ಪಾರಿವಾಳದ ಬಾಲದಂತೆ ಒಂದೇ ಕಡೆಗೆ ಓರೆಯಾದದ್ದು. ಎರಡನೆಯದಕ್ಕೆ ದಿಮ್ಮಿಯನ್ನು ಚಪ್ಪಟೆಯಾಗಿ ಕೆತ್ತಿಕೊಳ್ಳಬೇಕು. ದುಂಡು ಕೋಲಿಗೆ ಒಪ್ಪುವುದು ಮಾಡಿನ ಆಕಾರದ್ದು.

ಮೊದಲು ಉದ್ದದ ಎರಡು ಕೋಲುಗಳನ್ನು ಸಮಾನಾಂತರವಾಗಿ ಇಡಿ. ನೆಲದ ಮೇಲಲ್ಲ, ನಾಲ್ಕು ಮೂಲೆಗೆ ನಾಲ್ಕು ಚಪ್ಪಟೆ ಕಲ್ಲಿನ ಮೇಲೆ. ಅವರೂ ಹಾಗೆಯೇ ಇಟ್ಟರು, ಅಲ್ಲಿಯೂ ಗೆದ್ದಲು ಇದೆ. ಕೋಲಿನ ತುದಿಯಿಂದ ಒಂದಿಂಚು ಬಿಟ್ಟು, ಮುಂದಿನ ಒಂದಿಂಚನ್ನು ಮೇಲ್ಭಾಗದಲ್ಲಿ ಎರಡು ಕಡೆಗೂ ಇಳಿಜಾರಾಗಿ ಕೆತ್ತಿ. ಮನೆಯ ಮಾಡಿನಂತೆ ನಡುವೆ ಏಣು ನಿಲ್ಲಬೇಕು. ಆಮೇಲೆ ಅಡ್ಡಕೋಲನ್ನು ತೆಗೆದುಕೊಂಡು ಅದರ ಕೆಳಹೊಟ್ಟೆಯಲ್ಲಿ ಆ ಏಣು ಕೂರುವಂತೆ ಕಚ್ಚು ಹಾಕಿ. ಆಳ ಸುಮಾರು 9 ಮಿಲಿಮೀಟರ್. ಗರಗಸದಲ್ಲಿ ಎರಡು ಓರೆ ಗೆರೆ ಕೊಯ್ದು, ಕಾಲಿಂಚಿನ ಉಳಿಯಲ್ಲಿ ಒಂದು ಪೆಟ್ಟು ಕೊಟ್ಟರೆ ತುಣುಕು ಹಾರಿಬರುತ್ತದೆ. ಕೂರಿಸಿ ನೋಡಿ, ತೆಗೆಯಿರಿ, ಒಂದು ಚೂರು ಹೆರೆಯಿರಿ, ಮತ್ತೆ ಕೂರಿಸಿ. ಸರಿಯಾಗಿ ಕೂತಾಗ ‘ಟಕ್’ ಎಂಬ ಸದ್ದು ಬರುತ್ತದೆ. ಅದನ್ನು ಒಮ್ಮೆ ಕೇಳಿದ ಮಗು ಆಮೇಲೆ ಅಂಟಿನ ಡಬ್ಬಿ ಕೇಳುವುದಿಲ್ಲ.

ಈಗ ಆ ಅಡ್ಡಕೋಲಿನ ಮೇಲ್ಭಾಗವನ್ನು ಮಾಡಿನಂತೆ ಕೆತ್ತಿ, ಅದರ ಮೇಲೆ ಮುಂದಿನ ಉದ್ದಕೋಲು. ಪ್ರತಿ ಕೋಲಿಗೂ ಕೆಳಗೆ ಕಚ್ಚು, ಮೇಲೆ ಏಣು. ಏಣು ಮೇಲೆ, ಕಚ್ಚು ಕೆಳಗೆ ಎಂದು ಗೋಡೆಯ ಮೇಲೆ ಬರೆದಿಡಿ. ನನ್ನ ಮೊದಲ ಮಾದರಿ ಕೊಳೆತದ್ದು ಇದು ತಿರುವುಮುರುವಾದದ್ದರಿಂದ. ಕೆಳಗಿನ ಕೋಲಿನ ಮೇಲ್ಭಾಗದಲ್ಲಿ ಕಚ್ಚು ಹಾಕಿದ್ದೆ, ನೋಡಲು ಏನೂ ವ್ಯತ್ಯಾಸವಿರಲಿಲ್ಲ. ಆಟಿ ತಿಂಗಳ ಮಳೆಗೆ ಅಂಗಳದ ಮೂಲೆಯಲ್ಲಿ ಇಟ್ಟು ಮರೆತೆ. ಹದಿನೈದು ದಿನಕ್ಕೆ ನಾಲ್ಕೂ ಮೂಲೆಗಳಲ್ಲಿ ಅಣಬೆ ಎದ್ದಿತ್ತು. ಕೊಟ್ಟಿಗೆಯ ಮಾಡನ್ನು ಹೊರುವ ಪಕ್ಕಾಸು ಬದಲಿಸಲು ಬಂದಿದ್ದ ಆಚಾರಿ ಬಗ್ಗಿ ನೋಡಿ, ‘ಮಾಸ್ಟ್ರೇ, ನೀವು ಮನೆ ಕಟ್ಟಿದ್ದಲ್ಲ, ನೀರಿಗೆ ಬಟ್ಟಲು ಕೊಟ್ಟದ್ದು’ ಎಂದ. ಓರೆಯಾದ ಏಣಿನ ಮೇಲೆ ಬಿದ್ದ ನೀರು ಎರಡು ಬದಿಗೂ ಜಾರಿ ಹೊರಗೆ ಹೋಗುತ್ತದೆ. ಇನ್ನೂರು ವರ್ಷ ದಾಟಿ ನಿಂತ ದಿಮ್ಮಿಮನೆಗಳು ಇವೆಯಲ್ಲ, ಅವುಗಳ ಆಯುಷ್ಯ ಈ ಓರೆಯಲ್ಲಿದೆ.

ಕೋಲಿನ ಬುಡ ದಪ್ಪ, ತುದಿ ಸಪೂರ. ಒಂದು ಸಾಲಿನಲ್ಲಿ ಬುಡ ಪೂರ್ವಕ್ಕೆ ಇದ್ದರೆ ಮುಂದಿನದರಲ್ಲಿ ಪಶ್ಚಿಮಕ್ಕೆ ಇರಲಿ. ಇಲ್ಲದಿದ್ದರೆ ಏಳನೇ ಸಾಲಿಗೆ ಬರುವಾಗ ಮನೆ ಒಂದು ಕಡೆಗೆ ವಾಲುತ್ತದೆ. ಒಂದೇ ಗೋಡೆಯ ಎರಡು ಕೋಲುಗಳ ನಡುವೆ ಕಾಲಿಂಚು ಸಂದಿ ಉಳಿಯುತ್ತದೆ. ಅದನ್ನು ಮುಚ್ಚುವುದು ಆಮೇಲೆ. ಹೀಗೆ ಏಳು ಸಾಲು.

ಬಾಗಿಲು ಕೊನೆಗೆ

ನಮ್ಮಲ್ಲಿ ದಾರಂದ (ಬಾಗಿಲ ಚೌಕಟ್ಟು) ನಿಲ್ಲಿಸಿ, ಮುಹೂರ್ತ ಮಾಡಿ, ಆಮೇಲೆ ಗೋಡೆ. ಅವರಲ್ಲಿ ಉಲ್ಟಾ. ಗೋಡೆಯನ್ನು ನಾಲ್ಕು ಕಡೆಯೂ ಪೂರ್ತಿ ಏರಿಸಿ, ಒಂದು ಪೆಟ್ಟಿಗೆಯಂತೆ ಮಾಡಿಟ್ಟು, ಆಮೇಲೆ ಬಾಗಿಲನ್ನು ಕೊಯ್ದು ತೆಗೆಯುತ್ತಿದ್ದರು. ನಮ್ಮ ಮಕ್ಕಳಿಗೆ ಇದು ಬಹಳ ತಮಾಷೆಯಾಗಿ ಕಂಡಿತು: ‘ಹಾಗಾದರೆ ಒಳಗಿದ್ದವನು ಹೊರಗೆ ಬರುವುದು ಹೇಗೆ ಸರ್?’

ನನ್ನ ಎರಡನೇ ಮಾದರಿ ಬಿದ್ದದ್ದು ಈ ಹಂತದಲ್ಲಿ. ಗರಗಸ ಹಾಕಿದ ಕೂಡಲೇ ಕತ್ತರಿಸಿದ ಕೋಲುಗಳಿಗೆ ಒಂದು ಕಡೆ ಹಿಡಿತವೇ ಇಲ್ಲ, ಗೋಡೆ ಕುಸಿದು ಬಿತ್ತು. ಮಾಡಬೇಕಾದದ್ದು ಹೀಗೆ: ಉದ್ದದ ಗೋಡೆಯ ನಡುವೆ 3 ಇಂಚು ಅಗಲ ಗುರುತು ಹಾಕಿ. ಗುರುತಿನ ಎರಡು ಬದಿಗೂ ಒಳಗಿನಿಂದ ಒಂದೊಂದು ನೆಟ್ಟನೆಯ ಪಟ್ಟಿ ಇಟ್ಟು, ಪ್ರತಿ ಕೋಲಿಗೂ ತೂತು ಕೊರೆದು ಗೂಟ ಹೊಡೆಯಿರಿ. ಆಮೇಲೆ ಕೊಯ್ಯಿರಿ. ಕೆಳಗಿನ ಒಂದು ಕೋಲು ಹೊಸ್ತಿಲಾಗಿ ಉಳಿಯಲಿ, ಅದರ ಮೇಲಿನ ನಾಲ್ಕನ್ನು ಕತ್ತರಿಸಿ ತೆಗೆದರೆ ತಲೆ ತಗ್ಗಿಸಿ ಹೋಗುವಷ್ಟು ಬಾಗಿಲು ಸಿಗುತ್ತದೆ. ಎದುರಿನ ಗೋಡೆಯಲ್ಲೂ ಅಷ್ಟೇ. ಒಂದು ಅಡ್ಡಗೋಡೆಯಲ್ಲಿ ಒಲೆಗೆ 5 ಇಂಚು ಅಗಲ, 4 ಇಂಚು ಎತ್ತರ.

ಗೂಟ ಒಣ ಬಿದಿರಿನದ್ದಾಗಿರಬೇಕು, ಹಸಿಯದ್ದಲ್ಲ. ಹಸಿ ಕೋಲು ಒಣಗುತ್ತ ಕುಗ್ಗುತ್ತದೆ, ಆಗಲೇ ಒಣಗಿದ ಗೂಟ ಕುಗ್ಗುವುದಿಲ್ಲ; ದಿನ ಹೋದಂತೆ ತೂತು ಗೂಟವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ವಲಸಿಗರ ಆ ಕಾಡಂಚಿನಲ್ಲಿ ಮೊಳೆ ಸಿಗುವುದೇ ಕಷ್ಟ, ಸಿಕ್ಕಿದರೂ ದುಬಾರಿ. ಒಂದೇ ಒಂದು ಮೊಳೆಯಿಲ್ಲದೆ ಇಡೀ ಮನೆ ಎದ್ದದ್ದುಂಟು. ಬಾಗಿಲ ತಿರುಗಣೆಯೂ ಮರದ್ದು, ಅಗಳಿಯೂ ಮರದ್ದು. ಅಗಳಿಗೆ ಒಂದು ಚರ್ಮದ ದಾರ ಕಟ್ಟಿ ಬಾಗಿಲ ತೂತಿನಿಂದ ಹೊರಗೆ ಇಳಿಬಿಡುತ್ತಿದ್ದರು. ಹೊರಗಿನವನು ಎಳೆದರೆ ಅಗಳಿ ಏಳುತ್ತದೆ. ರಾತ್ರಿ ದಾರವನ್ನು ಒಳಗೆಳೆದುಕೊಂಡರೆ ಅದೇ ಬೀಗ. ಮಾದರಿಗೆ ಅಡಿಕೆ ಹಾಳೆಯ ಸಪೂರ ಪಟ್ಟಿ ಸಾಕು.

ಕಿಟಕಿ ಇಲ್ಲದಿದ್ದರೂ ಆದೀತು, ಬೇಕಾದರೆ ಚಿಕ್ಕದೊಂದು. ಗಾಜು ಹಾಕಬೇಡಿ. ಎಣ್ಣೆ ಸವರಿದ ಕಾಗದ ಅವರ ಗಾಜು. ಅವರಿಗೆ ಕರಡಿಯ ಕೊಬ್ಬು, ಹಂದಿಯ ಕೊಬ್ಬು ಇತ್ತು. ನಮಗೆ ತೆಂಗಿನೆಣ್ಣೆ ಇದೆ. ಬಿಳಿ ಕಾಗದಕ್ಕೆ ಸವರಿ ಬೆಳಕಿಗೆ ಹಿಡಿದು ನೋಡಿ.

ಮಾಡು: ಅಡಿಕೆ ಸಲಾಕೆಯ ಪುಣ್ಯ

ಮಾಡಿಗೆ ಪಕ್ಕಾಸು ಇಲ್ಲದ ಬಗೆಯೊಂದನ್ನು ಹೇಳುತ್ತೇನೆ, ಅವಸರದ ಮನೆಗಳಿಗೆ ಅವರು ಮಾಡುತ್ತಿದ್ದದ್ದು ಅದನ್ನೇ. ಅಡ್ಡಗೋಡೆಯ ಮೇಲೆ ಕ್ರಮವಾಗಿ ಗಿಡ್ಡವಾಗುವ ಕೋಲುಗಳನ್ನು ಪೇರಿಸುತ್ತ ಹೋಗಿ. ಪ್ರತಿ ಎರಡು ಕೋಲಿಗೊಮ್ಮೆ, ಎರಡು ತಲೆಗೋಡೆಗಳನ್ನು ಜೋಡಿಸುವಂತೆ ಬದಿಗೊಂದರಂತೆ ಉದ್ದದ ಕೋಲು ಕಚ್ಚು ಹಾಕಿ ಕೂರಿಸಿ. ಎಂಟನೆಯದರ ಮೇಲೆ ನಡುವಿನ ಒಂದೇ ಕೋಲು, ಅದು ಮನೆಯ ಬೆನ್ನು. ಹೀಗೆ ಬದಿಗೆ ಮೂರು, ಮೇಲೆ ಒಂದು, ಒಟ್ಟು ಏಳು.

ಹೊದಿಕೆಯ ಹಲಗೆಗೆ ಗರಗಸ ಮುಟ್ಟಿಸಬಾರದು. ಮೂರು ನಾಲ್ಕು ಅಡಿ ಸುತ್ತಳತೆಯಲ್ಲ, ಮೂರು ನಾಲ್ಕು ಅಡಿ ಅಡ್ಡಳತೆಯ, ನೆಟ್ಟನೆಯ ನಾರಿನ ಮರವನ್ನು ಹುಡುಕಿ, ನಾಲ್ಕಡಿ ಉದ್ದದ ತುಂಡು ಮಾಡಿ, ಸೀಳುಗತ್ತಿಯಿಂದ ಹಲಗೆ ಸೀಳುತ್ತಿದ್ದರು. ಸೀಳುಗತ್ತಿಯೆಂದರೆ ಹಿಡಿ ಅಡ್ಡಕ್ಕಿರುವ ಒಂದು ಉದ್ದ ಅಲಗು. ಅಲಗನ್ನು ಮರದ ತಲೆಯ ಮೇಲಿಟ್ಟು ಕೊಡತಿಯಲ್ಲಿ ಹೊಡೆಯುವುದು, ಒಳಗೆ ಇಳಿದ ಮೇಲೆ ಹಿಡಿಯನ್ನು ತಿರುಚುವುದು. ಮರ ತಾನಾಗಿ ಬಾಯಿಬಿಡುತ್ತದೆ. ಗರಗಸ ನಾರನ್ನು ಕತ್ತರಿಸುತ್ತದೆ, ಕತ್ತರಿಸಿದ ನಾರಿನ ಬಾಯಿಗಳು ನೀರು ಕುಡಿಯುತ್ತವೆ. ಸೀಳಿದ ಹಲಗೆಯಲ್ಲಿ ನಾರು ತುದಿಯಿಂದ ತುದಿಗೆ ಇಡಿಯಾಗಿರುವುದರಿಂದ ನೀರು ಅದರ ಮೇಲೆ ಜಾರಿ ಹೋಗುತ್ತದೆ.

ಇದನ್ನು ಅಡಿಕೆ ತೋಟದವರಿಗೆ ಕಲಿಸಬೇಕೇ? ಬಿದ್ದ ಅಡಿಕೆ ಮರದ ತುಂಡಿಗೆ ಕತ್ತಿ ಇಟ್ಟು ಹಿಂಬದಿಗೆ ಹೊಡೆದು, ತಿರುಚಿ, ಸಲಾಕೆಯೆಂಬ ಉದ್ದ ಸೀಳುಪಟ್ಟಿ ಎಬ್ಬಿಸುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಆ ಸಲಾಕೆಯನ್ನೇ ಇನ್ನೂ ತೆಳ್ಳಗೆ ಸೀಳಿ, ಒಳಗಿನ ತಿರುಳು ಕೆರೆದು, 4 ಇಂಚು ಉದ್ದ, ಅರ್ಧ ಇಂಚು ಅಗಲದ ಚಕ್ಕೆ ಮಾಡಿ. ಒಂದು ಪದರಕ್ಕೆ ಸುಮಾರು 450 ಬೇಕು. ಚಕ್ಕೆಗಳ ನಡುವಿನ ಸಂದಿ ಮುಚ್ಚಲು ಇನ್ನೊಂದು ಪದರ ಹಾಕಿದರೆ ಅದರ ದುಪ್ಪಟ್ಟು. ಸಲಾಕೆಯ ಸಿಬಿರು ಕೈಗೆ ಹೊಕ್ಕರೆ ಮೂರು ದಿನ ಊದುತ್ತದೆ, ಮಕ್ಕಳ ಕೈಗೆ ಬಟ್ಟೆ ಸುತ್ತಿ.

ಕೆಳಗಿನ ಸಾಲಿನಿಂದ ಶುರುಮಾಡಿ, ಪ್ರತಿ ಸಾಲೂ ಕೆಳಗಿನದರ ಮೇಲೆ ಒಂದಿಂಚು ಏರಿ ಬರುವಂತೆ ಹೊದಿಸಿ. ಹೆಂಚು ಹೊದಿಸಿದಂತೆಯೇ. ಮೊಳೆಯಿಲ್ಲ, ಹಾಗಾದರೆ ಗಾಳಿಗೆ ಹಾರದೇ? ಪ್ರತಿ ಸಾಲಿನ ಮೇಲೆ ಉದ್ದಕ್ಕೆ ಒಂದು ಭಾರದ ಕೋಲು ಇಡುತ್ತಿದ್ದರು. ಆ ಕೋಲುಗಳು ಕೆಳಗೆ ಜಾರದಂತೆ ನಡುನಡುವೆ ಗಿಡ್ಡ ತುಂಡುಗಳನ್ನು ಆನಿಸುತ್ತಿದ್ದರು. ಮುಳಿಹುಲ್ಲಿನ ಮಾಡಿನ ಮೇಲೆ ಅಡಿಕೆ ಸಲಾಕೆ ಕಟ್ಟಿ ಒತ್ತು ಕೊಡುತ್ತಿದ್ದದ್ದು ನೆನಪಿದ್ದವರಿಗೆ ಇದು ಹೊಸದಲ್ಲ.

ಒಲೆ ಮತ್ತು ಮೆತ್ತುವುದು

ಒಲೆಗೆ ಮುರಕಲ್ಲಿನ ಚೂರು ಇಡಬೇಡಿ. ಕೆಂಪು ಕಲ್ಲು ಕಂಡ ಕೂಡಲೇ ಮನೆ ಶೆನಾಂಡೋವಾದಿಂದ ನಮ್ಮ ಸೀತಾಂಗೋಳಿಗೆ ಬಂದುಬಿಡುತ್ತದೆ. ಆ ಕಣಿವೆಯದು ಬೂದುಬಣ್ಣದ ಸುಣ್ಣದ ಕಲ್ಲು. ಶಿರಿಯಾ ಹೊಳೆಯಲ್ಲಿ ಸಿಗುವ ಬೂದು ಕಲ್ಲುಹರಳುಗಳನ್ನು ಆರಿಸಿ ಮಣ್ಣಿನಲ್ಲಿ ಕೂರಿಸಿ. ಕಲ್ಲು ಕೂಡಿಸಲು ಪುರುಸೊತ್ತಿಲ್ಲದವರು ಹೊಗೆಗೂಡನ್ನೂ ಮರದಲ್ಲೇ ಮಾಡುತ್ತಿದ್ದರು: ಸಪೂರ ಕೋಲುಗಳನ್ನು ಚೌಕವಾಗಿ ಪೇರಿಸಿ ಒಳಗೆ ದಪ್ಪಗೆ ಮಣ್ಣು ಮೆತ್ತುವುದು. ಮಣ್ಣು ಉದುರಿದರೆ ಬೆಂಕಿ ಹಿಡಿಯುತ್ತದೆ. ಅದಕ್ಕೇ ಅದನ್ನು ಗೋಡೆಯಿಂದ ಸ್ವಲ್ಪ ಹೊರಕ್ಕೆ ವಾಲಿಸಿ ಕಟ್ಟುತ್ತಿದ್ದದ್ದುಂಟು. ಹತ್ತಿಕೊಂಡರೆ ಗಳದಿಂದ ನೂಕಿ ಬೀಳಿಸಿ ಮನೆ ಉಳಿಸಿಕೊಳ್ಳಬಹುದು. ತೀರ್ಪುಗಾರರು ‘ಚಿಮಣಿ ಓರೆಯಾಗಿದೆ’ ಎಂದರೆ ಹೇಳಲು ಈ ಉತ್ತರ ಮಕ್ಕಳ ಬಾಯಲ್ಲಿರಲಿ.

ಗೋಡೆಯ ಸಂದಿ ಮುಚ್ಚಲು ಮೂರು ವಾರ ಕಾಯಿರಿ. ಕೋಲು ಒಣಗಿ ಕುಗ್ಗಿ ಸಂದಿ ಅಗಲವಾದ ಮೇಲೆ ಮೆತ್ತಿದರೆ ನಿಲ್ಲುತ್ತದೆ, ಮೊದಲೇ ಮೆತ್ತಿದರೆ ಉದುರುತ್ತದೆ. ಮೊದಲು ಸಂದಿಗೆ ಮರದ ಚೂರು ತುರುಕಿ, ಅದರ ಮೇಲೆ ಒಳಗಿನಿಂದಲೂ ಹೊರಗಿನಿಂದಲೂ ಮಣ್ಣು. ಅವರು ಜೇಡಿಮಣ್ಣಿಗೆ ಹುಲ್ಲು, ದನದ ಕೂದಲು, ಸಿಕ್ಕಿದರೆ ಸುಣ್ಣ ಸೇರಿಸುತ್ತಿದ್ದರು. ನಾನು ಹುತ್ತದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಬೈಹುಲ್ಲು ಸೇರಿಸಿ ಒಂದು ರಾತ್ರಿ ನೆನೆಹಾಕಿದೆ. ಹೊರಗಿನ ಮೆತ್ತಿಗೆ ಕೆಳಮುಖವಾಗಿ ಸ್ವಲ್ಪ ಓರೆ ಇರಲಿ, ನೀರಿನ ವಿಷಯ ಮೇಲೆ ಹೇಳಿದ್ದೇ. ಅಷ್ಟಾದರೂ ಬಿರುಕು ಬಿಡುತ್ತದೆ, ಆಗಾಗ ಮತ್ತೆ ಮೆತ್ತಬೇಕು. ಅವರೂ ಚಳಿಗಾಲಕ್ಕೆ ಮೊದಲು ಆ ಕೆಲಸಕ್ಕೆ ಕೂರಬೇಕಿತ್ತು.

ನೆಲಕ್ಕೆ ಮೊದಲ ವರ್ಷ ಬರಿಯ ಮಣ್ಣು, ಆಮೇಲೆ ಕೈಗೂಡಿದರೆ ದಿಮ್ಮಿಯನ್ನು ಎರಡಾಗಿ ಸೀಳಿ ಚಪ್ಪಟೆ ಮುಖ ಮೇಲೆ ಮಾಡಿ ಹಾಸುವುದು. ಮಾದರಿಗೆ ಮಣ್ಣು ನೆಲ ಸಾಕು.

ಚಾರ್ಟಿನಲ್ಲಿ ಏನು ಬರೆಯಬೇಕು

ಆಲೂಗಡ್ಡೆಯ ಮಹಾಕ್ಷಾಮವನ್ನು ಇದಕ್ಕೆ ಜೋಡಿಸಬೇಡಿ. ಅದು 1845ರಲ್ಲಿ ಶುರುವಾದದ್ದು. ಆಗ ಹೋದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಹೆಚ್ಚಾಗಿ ನೆಲೆಸಿದ್ದು ನ್ಯೂಯಾರ್ಕ್, ಬಾಸ್ಟನ್‌ಗಳಂಥ ನಗರಗಳಲ್ಲಿ. ನಾವು ಕಟ್ಟುತ್ತಿರುವ ಮನೆ ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು.

‘ಖಾಲಿ ಕಾಡಿನಲ್ಲಿ ಮನೆ ಕಟ್ಟಿದರು’ ಎಂದೂ ಬರೆಯಬೇಡಿ. ಆ ನೆಲ ಶಾನಿ, ಲೆನಾಪೆ ಮೊದಲಾದ ಮೂಲನಿವಾಸಿಗಳ ಊರು, ಬೇಟೆಯ ಜಾಗ. ಬೆಟ್ಟಗಳ ಆಚೆ ನೆಲೆಸಕೂಡದೆಂದು 1763ರಲ್ಲಿ ಬ್ರಿಟನ್ನಿನ ರಾಜನೇ ಘೋಷಣೆ ಹೊರಡಿಸಿದ್ದ, ಕೇಳಿದವರು ಯಾರು? ಮನೆ ಕಟ್ಟುವುದೇ ಹಕ್ಕು ಸಾಧಿಸುವ ದಾರಿಯಾಗಿತ್ತು. 1779ರ ವರ್ಜೀನಿಯಾದ ಕಾನೂನು, ಪಶ್ಚಿಮದ ನೆಲದಲ್ಲಿ 1778ಕ್ಕೆ ಮೊದಲು ನೆಲೆಯೂರಿದವರಿಗೆ 400 ಎಕರೆಯ ಹಕ್ಕು ಕೊಟ್ಟಿತು. ವರ್ಷ ವಾಸ ಮಾಡಿರಬೇಕು, ಇಲ್ಲವೇ ಒಂದು ಬೆಳೆ ಮೆಕ್ಕೆಜೋಳ ತೆಗೆದಿರಬೇಕು. ತೋಟಕ್ಕೆ ತಾಗಿದ ಸರಕಾರಿ ಕುಮ್ಕಿ ಜಾಗದಲ್ಲಿ ಮೊದಲು ಅಡಿಕೆ ಸಸಿ ನೆಟ್ಟು ಆಮೇಲೆ ಪಟ್ಟೆಗೆ (ಹಕ್ಕುಪತ್ರಕ್ಕೆ) ಓಡಾಡಿದವರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ಅಲ್ಲಿ ಆ 400 ಎಕರೆ ಯಾರಿಂದ ಹೋಯಿತು ಎಂಬ ಸಾಲು ಚಾರ್ಟಿನಲ್ಲಿ ಇರಲೇಬೇಕು.

ಸಾಗಿಸುವುದು

ಅಂಟಿಲ್ಲದ್ದರಿಂದ ಲಾಭವೊಂದಿದೆ: ಮನೆಯನ್ನು ಬಿಚ್ಚಬಹುದು. ಮೆತ್ತುವ ಮೊದಲು ಪ್ರತಿ ಕೋಲಿನ ತುದಿಯಲ್ಲಿ ಉಳಿಯಿಂದ ಗೀರಿ ಸಂಖ್ಯೆ ಹಾಕಿ. ರೋಮನ್ ಅಂಕೆಯೇ ಒಳ್ಳೆಯದು, ಉಳಿಗೆ ನೆಟ್ಟಗೆರೆ ಸುಲಭ; ಆ ಕಾಲದ ಬಡಗಿಗಳೂ ಹಾಗೆಯೇ ಗುರುತು ಹಾಕುತ್ತಿದ್ದರು. ಬಾಗಿಲಿನ ಎರಡು ಕಡೆಯ ಪಟ್ಟಿಯ ಗೂಟಗಳನ್ನು ಮಾತ್ರ ತಟ್ಟಿ ತೆಗೆಯಬೇಕು, ಉಳಿದದ್ದು ಬಿಡಿ ಕೋಲು. ಒಂದು ಗೋಣಿಯಲ್ಲಿ ಹಾಕಿ ಬಸ್ಸಿನಲ್ಲೇ ಒಯ್ದೆವು. ಕಂಡಕ್ಟರ್ ಸೌದೆಯೆಂದು ತಿಳಿದು ಹಿಂದಿನ ಸೀಟಿನ ಕೆಳಗೆ ಹಾಕಿಸಿದ. ಮೇಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ಮಕ್ಕಳು ಕೂತು, ತೀರ್ಪುಗಾರರ ಎದುರಿಗೇ ಗೋಡೆ ಏರಿಸಿದರು. ಮಾಡಿನ ಚಕ್ಕೆ ಹೊದಿಸುವಾಗ ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಎರಡನೇ ಬಹುಮಾನ ಬಂತು. ಮೊದಲನೆಯದು ಥರ್ಮೊಕೋಲಿನ ಜ್ವಾಲಾಮುಖಿಗೆ ಹೋಯಿತು.

ಮೆತ್ತಿ ಮುಗಿಸಿದ ಮೇಲೆ ಮನೆ ಈಗ ನನ್ನ ಜಗಲಿಯಲ್ಲಿದೆ. ಬೆಕ್ಕಿನ ಮರಿಯೊಂದು ಅದರಲ್ಲಿ ಮಲಗುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿಗೆ ಇರಚಲು ಒಳಗೆ ನುಗ್ಗುತ್ತದೆಂದು ಆ ಕಡೆಯ ಬಾಗಿಲಿಗೆ ಒಂದು ಹಲಗೆ ಚೂರು ಅಡ್ಡ ಇಟ್ಟು, ಮೂಡಣದ್ದನ್ನು ತೆರೆದಿಡುತ್ತೇನೆ.